ಪರರ ಮಾಹಿತಿಯೂ ಅಮಾನತ್

ಅಮಾನತ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಹಣ, ಒಡವೆ, ಜಮೀನಿನ ಪತ್ರ. ಗಲ್ಫಿಗೆ ಹೋಗುವವನು ತನ್ನ ಅಣ್ಣನ ಕೈಯಲ್ಲಿ ಇಟ್ಟು ಹೋದ ಹಣ ಅಮಾನತ್. ಹಜ್ಜ್‌ಗೆ ಹೊರಟ ತಾಯಿ ಮಗಳಲ್ಲಿ ಬಿಟ್ಟು ಹೋದ ಬಳೆ ಅಮಾನತ್. ಕಚೇರಿಯ ಕನ್ನಡದಲ್ಲಂತೂ ಈ ಶಬ್ದದ ಗತಿಯೇ ಬೇರೆಯಾಗಿದೆ. ತಪ್ಪು ಮಾಡಿದ ನೌಕರನನ್ನು ಕೆಲಸದಿಂದ ದೂರವಿಡುವುದಕ್ಕೆ ಅಲ್ಲಿ ಅಮಾನತು ಎನ್ನುತ್ತಾರೆ. ಆದರೆ ಕುರ್‌ಆನ್ ಮತ್ತು ಹದೀಸ್‌ಗಳಲ್ಲಿ ಈ ಪದದ ವ್ಯಾಪ್ತಿ ಬಹಳ ವಿಶಾಲವಾದುದು. ನಂಬಿಕೆಯಿಟ್ಟು ಒಬ್ಬನು ಇನ್ನೊಬ್ಬನ ವಶಕ್ಕೆ ಕೊಟ್ಟದ್ದೆಲ್ಲವೂ ಅಮಾನತ್. ಒಬ್ಬನು ಮಾತನಾಡುವಾಗ ಯಾರಾದರೂ ಕೇಳುತ್ತಿರುವರೋ ಎಂದು ಅತ್ತಿತ್ತ ನೋಡಿದರೆ ಸಾಕು, ಆ ಮಾತೇ ಕೇಳಿದವನ ಬಳಿ ಅಮಾನತ್ ಆಗಿಬಿಡುತ್ತದೆಂದು ಪ್ರವಾದಿವರ್ಯರು(ಸ) ಕಲಿಸಿದುದನ್ನು ಅಬೂದಾವೂದ್ ಮತ್ತು ತಿರ್ಮಿದಿ ವರದಿ ಮಾಡಿದ್ದಾರೆ. 'ಇದನ್ನು ಯಾರಿಗೂ ಹೇಳಬೇಡ' ಎಂಬ ಷರತ್ತು ಕೂಡಾ ಬೇಕಾಗಿಲ್ಲ. ಆ ಒಂದು ನೋಟವೇ ಸಾಕು.

ಹಾಗಾದರೆ ನಮ್ಮ ಹೆಸರು, ತಂದೆಯ ಹೆಸರು, ಜನ್ಮ ದಿನಾಂಕ, ವಿಳಾಸ, ಭಾವಚಿತ್ರ, ಸಹಿ, ಫೋನ್ ನಂಬ್ರ ಇವೆಲ್ಲವನ್ನೂ ನಾವು ಒಂದು ಕಚೇರಿಗೆ ಕೊಟ್ಟಾಗ ಅವು ಆ ಕಚೇರಿಯ ಸೊತ್ತಾಗುತ್ತವೆಯೇ, ಅಥವಾ ಅದರ ಬಳಿಯಿರುವ ಅಮಾನತ್ ಆಗುತ್ತವೆಯೇ? ಓದುಗ ಬಂಧುಗಳು ಸ್ವಲ್ಪ ನಿಧಾನವಾಗಿ ಆಲೋಚಿಸಬೇಕಾದ ಪ್ರಶ್ನೆಯಿದು.

ಬೈಂದೂರು ತಾಲೂಕಿನ ಬಿಜೂರನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಅಲ್ಲಿನ ಯುವಕನೊಬ್ಬನಿಗೆ ಹದಿನೆಂಟು ತುಂಬಿತು. ಊರಲ್ಲಿ ರಿಕ್ಷಾ ಓಡಿಸಬೇಕೆಂದೋ, ಗಲ್ಫಿನಲ್ಲಿ ಚಾಲಕನ ಕೆಲಸ ಹುಡುಕಬೇಕೆಂದೋ ಅವನ ಆಸೆ. ಅದಕ್ಕೆ ಮೊದಲು ಲೈಸೆನ್ಸ್ ಬೇಕು. ಅರ್ಜಿ ತುಂಬುತ್ತಾನೆ, ಫೋಟೋ ಕೊಡುತ್ತಾನೆ, ಸಹಿ ಹಾಕುತ್ತಾನೆ, ರಕ್ತದ ಗುಂಪನ್ನೂ ತಿಳಿಸುತ್ತಾನೆ. ಅನಂತರ ವಾಹನ ಕೊಂಡರೆ ಕೆಎ 20ರ ಸಂಖ್ಯೆಯೊಂದಿಗೆ ಎಂಜಿನ್ ನಂಬ್ರ, ಚಾಸಿ ನಂಬ್ರ, ವಿಮೆ, ಸಾಲ ಕೊಟ್ಟ ಬ್ಯಾಂಕು ಎಲ್ಲವೂ ದಾಖಲಾಗುತ್ತವೆ. ಕೊಡುವುದಿಲ್ಲವೆಂದು ಹೇಳುವ ಸ್ವಾತಂತ್ರ್ಯ ಅವನಿಗಿಲ್ಲ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ವಾಹನ ಚಲಾಯಿಸುವುದು ಅಪರಾಧ. ಅವನು ಕೊಡುವುದು ಒಂದೇ ಉದ್ದೇಶಕ್ಕಾಗಿ: ನಾನು ವಾಹನ ಓಡಿಸಲು ಅರ್ಹನೆಂದು ನೀವು ದೃಢೀಕರಿಸಿರಿ, ಅಪಘಾತವಾದರೆ, ಕಳವಾದರೆ ನನ್ನನ್ನು ಗುರುತಿಸಿರಿ ಎಂದು.

ಮಾರಾಟಕ್ಕೆ ಹೋದ ದಾಖಲೆಗಳು

ದೇಶದ ಲೈಸೆನ್ಸುಗಳ ಮಾಹಿತಿಯು 'ಸಾರಥಿ' ಎಂಬ ಗಣಕ ವ್ಯವಸ್ಥೆಯಲ್ಲೂ, ವಾಹನಗಳ ಮಾಹಿತಿಯು 'ವಾಹನ್' ಎಂಬ ವ್ಯವಸ್ಥೆಯಲ್ಲೂ ಶೇಖರವಾಗುತ್ತದೆ. 2019ರ ಮಾರ್ಚ್‌ನಲ್ಲಿ ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯವು ಈ ಮಾಹಿತಿಯನ್ನು ಸಗಟಾಗಿ ಹಂಚುವ ಒಂದು ನೀತಿಯನ್ನು ಹೊರಡಿಸಿತು. ವಾಣಿಜ್ಯ ಸಂಸ್ಥೆಗಳು ವರ್ಷಕ್ಕೆ 3 ಕೋಟಿ ರೂಪಾಯಿ ಕೊಟ್ಟು ಅದನ್ನು ಪಡೆಯಬಹುದಾಗಿತ್ತು. ಶಿಕ್ಷಣ ಸಂಸ್ಥೆಗಳಿಗೆ ದರ 5 ಲಕ್ಷ ರೂಪಾಯಿ. ಅದೇ ವರ್ಷ ಜುಲೈಯಲ್ಲಿ ಸಚಿವ ನಿತಿನ್ ಗಡ್ಕರಿಯವರು ರಾಜ್ಯಸಭೆಗೆ ನೀಡಿದ ಉತ್ತರದಂತೆ 87 ಖಾಸಗಿ ಸಂಸ್ಥೆಗಳಿಗೂ 32 ಸರಕಾರಿ ಸಂಸ್ಥೆಗಳಿಗೂ ಈ ದಾಖಲೆಗಳ ಸಂಪರ್ಕ ದೊರೆತಿತ್ತು. ಅದರಿಂದ ಬಂದ ಆದಾಯ ಸುಮಾರು 65 ಕೋಟಿ ರೂಪಾಯಿ. ಆಗ ಆ ಎರಡು ಕಣಜಗಳಲ್ಲಿ ಸುಮಾರು 25 ಕೋಟಿ ವಾಹನಗಳ ಮತ್ತು 15 ಕೋಟಿ ಲೈಸೆನ್ಸುಗಳ ದಾಖಲೆಯಿತ್ತು.

ಈ ನೀತಿಯಲ್ಲೇ ಒಂದು ಮಾತನ್ನು ಒಪ್ಪಿಕೊಳ್ಳಲಾಗಿತ್ತು. ಬೇರೆ ಬೇರೆ ಕಡೆಯ ಮಾಹಿತಿಗಳನ್ನು ಒಂದಕ್ಕೊಂದು ತಾಳೆ ಹಾಕಿದರೆ ವ್ಯಕ್ತಿ ಯಾರೆಂದು ಗುರುತಿಸಲು ಸಾಧ್ಯ, ಅವನ ಖಾಸಗಿತನಕ್ಕೆ ಧಕ್ಕೆಯಾಗಬಹುದು ಎಂದು. ಹಾನಿಯ ಅರಿವಿದ್ದೂ ಬಾಗಿಲು ತೆರೆಯಲಾಯಿತು. ಕೊನೆಗೆ 2020ರ ಜೂನ್‌ನಲ್ಲಿ, ವೈಯಕ್ತಿಕ ಮಾಹಿತಿಯ ದುರುಪಯೋಗವಾಗಬಹುದೆಂಬ ಕಾರಣಕ್ಕೆ ಸಚಿವಾಲಯವೇ ಆ ನೀತಿಯನ್ನು ರದ್ದುಪಡಿಸಿತು. 2021ರ ಫೆಬ್ರವರಿಯಲ್ಲಿ ಸಂಸತ್ತಿಗೆ ನೀಡಿದ ಉತ್ತರದ ಪ್ರಕಾರ ಅಷ್ಟರೊಳಗೆ ಬಂದ ಆದಾಯ 100 ಕೋಟಿ ರೂಪಾಯಿಗೂ ಮಿಕ್ಕಿತ್ತು. ನೀತಿ ರದ್ದಾಯಿತು ಸರಿ. ಆದರೆ ಒಮ್ಮೆ ಹೊರಗೆ ಹೋದ ಮಾಹಿತಿ ಹಿಂದಕ್ಕೆ ಬರುವುದು ಹೇಗೆ? ಕದ್ದ ಹಣವನ್ನು ಹಿಂದಿರುಗಿಸಬಹುದು, ಕೇಳಿದ ಗುಟ್ಟನ್ನು ಹಿಂದಿರುಗಿಸಲಾಗದು.

'ನಮ್ಮ ವಿಳಾಸದಲ್ಲಿ ಗುಟ್ಟೇನಿದೆ? ಬಿಜೂರಿನಲ್ಲಿ ಯಾರ ಮನೆ ಯಾವುದೆಂದು ಎಲ್ಲರಿಗೂ ಗೊತ್ತು' ಎಂದು ಕೆಲವರು ಹೇಳಬಹುದು. ಗೊತ್ತಿರುವುದು ನಿಜ. ಅಂಗಡಿಯಲ್ಲಿ ಕುಳಿತ ಹಿರಿಯರು 'ನೀನ್ ಯಾರ್ ಮಗ?' ಎಂದು ಕೇಳಿ ನಿಮ್ಮ ಮೂರು ತಲೆಮಾರನ್ನು ಹೇಳಿಬಿಡುತ್ತಾರೆ. ಆದರೆ ಅವರಿಗೆ ನೀವೂ ಗೊತ್ತು, ನಿಮಗೆ ಅವರೂ ಗೊತ್ತು. ಅವರು ತಪ್ಪಿ ನಡೆದರೆ ನಾಳೆ ಅದೇ ಅಂಗಡಿಯಲ್ಲಿ ಕೇಳಬಹುದು. ದೂರದ ನಗರದಲ್ಲಿ ಕುಳಿತು ನಿಮ್ಮ ಮಾಹಿತಿಯನ್ನು ಕೊಂಡವನಿಗೆ ನೀವು ಗೊತ್ತು, ನಿಮಗೆ ಅವನು ಗೊತ್ತಿಲ್ಲ. ನೆರೆಯವನ ಪರಿಚಯಕ್ಕೂ ಅಪರಿಚಿತನ ಸಂಗ್ರಹಕ್ಕೂ ಇರುವ ವ್ಯತ್ಯಾಸ ಇದುವೇ.

ಬರೆದಿಡುವುದು ತಪ್ಪಲ್ಲ

ಸರಕಾರವು ಪ್ರಜೆಗಳ ಮಾಹಿತಿಯನ್ನು ಬರೆದಿಡುವುದೇ ತಪ್ಪೆಂದು ಇಸ್ಲಾಮ್ ಹೇಳುವುದಿಲ್ಲ. ಇಸ್ಲಾಮ್ ಸ್ವೀಕರಿಸಿದವರ ಹೆಸರುಗಳನ್ನು ಬರೆದು ಕೊಡುವಂತೆ ಪ್ರವಾದಿವರ್ಯರು(ಸ) ಸೂಚಿಸಿದುದು, ಆಗ ಒಂದೂವರೆ ಸಾವಿರ ಮಂದಿಯ ಹೆಸರು ಬರೆಯಲ್ಪಟ್ಟದ್ದು ಸಹೀಹ್ ಬುಖಾರಿಯಲ್ಲಿ ವರದಿಯಾಗಿದೆ. ದ್ವಿತೀಯ ಖಲೀಫ ಹಝ್ರತ್ ಉಮರ್(ರ) ತಮ್ಮ ಆಡಳಿತ ಕಾಲದಲ್ಲಿ ದೀವಾನ್ ಎಂಬ ದಾಖಲೆ ಪುಸ್ತಕವನ್ನು ಆರಂಭಿಸಿದರು. ಬೈತುಲ್‌ಮಾಲ್‌ನಿಂದ ಯಾರಿಗೆ ಎಷ್ಟು ವೇತನ ಸಲ್ಲಬೇಕೆಂದು ಅದರಲ್ಲಿ ಬರೆಯಲಾಗುತ್ತಿತ್ತು. ಹಾಲು ಕುಡಿಯುವ ಕೂಸಿಗೂ ಅದರಲ್ಲಿ ಪಾಲಿತ್ತು. ಆ ಪುಸ್ತಕದಲ್ಲಿ ಹೆಸರು ಬರೆದದ್ದು ಕೊಡುವುದಕ್ಕಾಗಿ. ಹೆಸರನ್ನೇ ಮಾರಿ ಬೊಕ್ಕಸ ತುಂಬುವುದಕ್ಕಾಗಿ ಅಲ್ಲ.

ಬರೆದಿಡುವವನಲ್ಲಿ ಇರಬೇಕಾದ ಗುಣಗಳನ್ನು ಪ್ರವಾದಿ ಯೂಸುಫ್(ಅ)ರ ವೃತ್ತಾಂತವು ಸ್ಪಷ್ಟಪಡಿಸುತ್ತದೆ. ಈಜಿಪ್ಟಿನ ಭಂಡಾರಗಳ ಹೊಣೆಯನ್ನು ಕೇಳುವಾಗ ಅವರು ತಮ್ಮ ಎರಡು ಅರ್ಹತೆಗಳನ್ನು ಮುಂದಿಟ್ಟರೆಂದು ಸೂರಃ ಯೂಸುಫ್‌ನ 55ನೇ ಸೂಕ್ತಿ ತಿಳಿಸುತ್ತದೆ: ಹಫೀಝ್ ಮತ್ತು ಅಲೀಮ್. ಎಂದರೆ ಕಾಪಾಡುವವನು ಮತ್ತು ಬಲ್ಲವನು. ಗಮನಿಸಿರಿ, ಕಾಪಾಡುವ ಗುಣ ಮೊದಲು ಬಂದಿದೆ, ತಿಳುವಳಿಕೆ ಅನಂತರ. ಇಂದಿನ ಸರಕಾರಗಳು ಬಲ್ಲವರಾಗಲು ಬಹಳ ಆತುರಪಡುತ್ತವೆ. ಯಾರು ಎಲ್ಲಿದ್ದಾನೆ, ಯಾವ ವಾಹನದಲ್ಲಿ ಹೋಗುತ್ತಾನೆ, ಯಾವ ಟೋಲ್ ದಾಟಿದ ಎಂಬುದೆಲ್ಲಾ ತಿಳಿಯಬೇಕು. ಕಾಪಾಡುವ ವಿಷಯಕ್ಕೆ ಬಂದಾಗ ಆ ಆತುರ ಕಾಣುವುದಿಲ್ಲ.

ವದೀಅತ್, ಅರ್ಥಾತ್ ನಂಬಿ ಇಟ್ಟ ವಸ್ತುವಿನ ಕುರಿತು ನಮ್ಮ ಕರ್ಮಶಾಸ್ತ್ರ ಪಂಡಿತರ ನಿಯಮ ಬಹಳ ಸರಳ. ಇಟ್ಟುಕೊಂಡವನು ಅದನ್ನು ಕಾಪಾಡಬೇಕು. ಒಡೆಯನ ಅನುಮತಿಯಿಲ್ಲದೆ ಬಳಸಕೂಡದು, ಬಾಡಿಗೆಗೆ ಕೊಡಕೂಡದು, ಮೂರನೆಯವನ ಕೈಗೆ ದಾಟಿಸಕೂಡದು. ಈ ನಿಯಮ ಒಂದು ಚೀಲ ಅಕ್ಕಿಗೆ ಅನ್ವಯಿಸುತ್ತದೆಂದಾದರೆ, ಒಬ್ಬನ ಗುರುತು, ಮನೆ, ಮುಖ ಇವುಗಳಿಗೆ ಅನ್ವಯಿಸದೆ ಹೋಗುವುದು ಹೇಗೆ?

ಖಲೀಫರಿಗೂ ಸಿಗದ ಪಟ್ಟಿ

ಸಹಾಬಿಗಳ ಇತಿಹಾಸದಲ್ಲಿ ಒಂದು ಹೆಸರುಗಳ ಪಟ್ಟಿಯ ಪ್ರಸ್ತಾಪವಿದೆ. ಮದೀನದ ಕಪಟವಿಶ್ವಾಸಿಗಳಲ್ಲಿ ಕೆಲವರ ಹೆಸರುಗಳನ್ನು ಪ್ರವಾದಿವರ್ಯರು(ಸ) ಹಝ್ರತ್ ಹುದೈಫ(ರ)ರಿಗೆ ಮಾತ್ರ ತಿಳಿಸಿದ್ದರು. ಅದಕ್ಕಾಗಿಯೇ ಅವರಿಗೆ ಪ್ರವಾದಿಯವರ ಗುಟ್ಟನ್ನು ಬಲ್ಲವರೆಂಬ ಹೆಸರು ಬಂತು. ಪ್ರವಾದಿವರ್ಯರ(ಸ) ನಿಧನಾನಂತರವೂ ಅವರು ಅದನ್ನು ಹೊರಗೆಡಹಲಿಲ್ಲ. ಉಮರ್(ರ) ಖಲೀಫರಾಗಿದ್ದರು. ವಿಶಾಲ ರಾಜ್ಯದ ಭದ್ರತೆ ಅವರ ಹೊಣೆಯಾಗಿತ್ತು. ಇಂದಿನ ಭಾಷೆಯಲ್ಲಿ ಹೇಳುವುದಾದರೆ, 'ರಾಷ್ಟ್ರದ ಭದ್ರತೆಗಾಗಿ ಆ ಪಟ್ಟಿ ಬೇಕು' ಎಂದು ಅವರು ಆಜ್ಞಾಪಿಸಬಹುದಿತ್ತು. ಅವರು ಕೇಳಿದ್ದೇನು? ಆ ಪಟ್ಟಿಯಲ್ಲಿ ನನ್ನ ಹೆಸರಿದೆಯೇ ಎಂದು! ಇಲ್ಲವೆಂದು ಹುದೈಫ(ರ) ಉತ್ತರಿಸಿದರು. ಇನ್ನು ಮುಂದೆ ಬೇರಾರ ಕುರಿತೂ ಹೀಗೆ ಹೇಳಲಾರೆನೆಂದೂ ಸೇರಿಸಿದರು. ಯಾರಾದರೂ ಮೃತಪಟ್ಟಾಗ ಹುದೈಫ(ರ) ಜನಾಝ ನಮಾಝಿಗೆ ಬರುವರೋ ಇಲ್ಲವೋ ಎಂದು ಉಮರ್(ರ) ಗಮನಿಸುತ್ತಿದ್ದರೇ ಹೊರತು ಪಟ್ಟಿಯನ್ನು ಬಲವಂತದಿಂದ ಪಡೆಯಲಿಲ್ಲ.

ಈ ಘಟನೆಯಲ್ಲಿ ಎರಡು ಪಾಠಗಳಿವೆ. ಒಂದನೆಯದು, ಅಮಾನತ್ ಇಟ್ಟುಕೊಂಡವನು ಆಡಳಿತಗಾರನ ಮುಂದೆಯೂ ಅದನ್ನು ಬಿಟ್ಟುಕೊಡಲಿಲ್ಲ, ಆಡಳಿತಗಾರನೂ ಒತ್ತಾಯಿಸಲಿಲ್ಲ. ಎರಡನೆಯದು, ತನ್ನ ಕುರಿತು ಏನು ದಾಖಲಾಗಿದೆಯೆಂದು ಕೇಳಿದವನಿಗೆ ಉತ್ತರ ದೊರೆಯಿತು. ಪರರ ಮಾಹಿತಿ ಮುಚ್ಚಿದೆ, ತನ್ನ ಮಾಹಿತಿ ತನಗೆ ತೆರೆದಿದೆ. ನಮ್ಮ ಕಾಲದಲ್ಲಿ ಇದು ತಿರುವುಮುರುವಾಗಿದೆ. ನಮ್ಮ ಲೈಸೆನ್ಸಿನ ಮಾಹಿತಿ ಯಾರ ಯಾರ ಕೈಸೇರಿದೆಯೆಂದು ನಮಗೆ ತಿಳಿಯದು, ಕೊಂಡವರಿಗೆ ಮಾತ್ರ ತಿಳಿದಿದೆ.

'ತಪ್ಪು ಮಾಡದವನಿಗೆ ಭಯವೇಕೆ?'

ಈ ಪ್ರಶ್ನೆಯನ್ನು ವಿದ್ಯಾವಂತರೂ ಕೇಳುತ್ತಾರೆ. ಸ್ವಂತ ತಾಯಿಯ ಕೋಣೆಗೆ ಹೋಗುವಾಗಲೂ ಅನುಮತಿ ಕೇಳಬೇಕೇ ಎಂದು ಒಬ್ಬರು ವಿಚಾರಿಸಿದಾಗ ಪ್ರವಾದಿವರ್ಯರು(ಸ) ಹೌದೆಂದರು. ಇದು ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿದೆ. ತಾಯಿ ಅಲ್ಲಿ ಏನಾದರೂ ತಪ್ಪು ಮಾಡುತ್ತಿರುತ್ತಾಳೆಂದೇ? ಅಲ್ಲ. ಮಾನವನಿಗೆ ಮಾನವಿದೆ ಎಂಬುದಕ್ಕಾಗಿ. ಪರರ ಮನೆಗಳಿಗೆ ಅನುಮತಿ ಕೇಳದೆ, ಸಲಾಮ್ ಹೇಳದೆ ಪ್ರವೇಶಿಸಬಾರದೆಂದೂ, ಹಿಂತಿರುಗಿರೆಂದು ಹೇಳಿದರೆ ಹಿಂತಿರುಗಬೇಕೆಂದೂ ಸೂರಃ ಅನ್ನೂರ್‌ನ 27 ಮತ್ತು 28ನೇ ಸೂಕ್ತಿಗಳು ಆಜ್ಞಾಪಿಸುತ್ತವೆ. ಪರರ ಗುಟ್ಟನ್ನು ಹುಡುಕುವುದನ್ನು ಸೂರಃ ಅಲ್‌ಹುಜುರಾತ್‌ನ 12ನೇ ಸೂಕ್ತಿ ನಿಷೇಧಿಸುತ್ತದೆ.

ಉಮರ್(ರ) ಒಂದು ರಾತ್ರಿ ಗಸ್ತು ತಿರುಗುತ್ತಿರುವಾಗ ಮನೆಯೊಂದರಿಂದ ಅನುಮಾನಾಸ್ಪದ ಸದ್ದು ಕೇಳಿ ಗೋಡೆ ಹತ್ತಿ ಒಳಗಿಳಿದ ಪ್ರಸಿದ್ಧ ಘಟನೆ ನೀವು ಕೇಳಿರಬಹುದು. ಒಳಗಿದ್ದವನು ಮದ್ಯದೊಂದಿಗೆ ಸಿಕ್ಕಿಬಿದ್ದ. ಆದರೆ ಅವನು ಅಂಜಲಿಲ್ಲ. ನಾನು ಒಂದು ಪಾಪ ಮಾಡಿರುವೆನಾದರೆ ತಾವು ಮೂರು ಮಾಡಿರುವಿರಿ. ಗುಟ್ಟನ್ನು ಹುಡುಕಿದಿರಿ, ಬಾಗಿಲಿನಿಂದ ಬರಲಿಲ್ಲ, ಅನುಮತಿಯನ್ನಾಗಲಿ ಸಲಾಮನ್ನಾಗಲಿ ಹೇಳಲಿಲ್ಲ ಎಂದ. ಖಲೀಫರು ಒಪ್ಪಿಕೊಂಡು ಹಿಂದಿರುಗಿದರು. ಅಪರಾಧ ಪತ್ತೆಹಚ್ಚುವುದು ಆಡಳಿತದ ಕರ್ತವ್ಯವೇ. ಆದರೆ ಅದಕ್ಕೂ ಒಂದು ಬಾಗಿಲಿದೆ, ಗೋಡೆ ಹಾರಕೂಡದು.

ತಪ್ಪು ಮಾಡದವರಿಗೂ ಹೇಗೆ ಅಪಾಯ ಬರುತ್ತದೆಂಬುದಕ್ಕೆ ಅಮೆರಿಕದ ಒಂದು ಘಟನೆ ಸಾಕು. 1989ರಲ್ಲಿ ರೆಬೆಕ್ಕಾ ಶಾಫರ್ ಎಂಬ 21 ವರ್ಷದ ನಟಿಯನ್ನು, ಆಕೆಯ ಬೆನ್ನು ಬಿದ್ದಿದ್ದ ಒಬ್ಬನು ಲಾಸ್ ಏಂಜಲೀಸಿನ ಆಕೆಯ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದನು. ಅವನಿಗೆ ಆಕೆಯ ವಿಳಾಸ ಸಿಕ್ಕಿದ್ದು ಕ್ಯಾಲಿಫೋರ್ನಿಯದ ವಾಹನ ಇಲಾಖೆಯ ದಾಖಲೆಯಿಂದ, ಒಬ್ಬ ಖಾಸಗಿ ಪತ್ತೇದಾರನ ಮೂಲಕ. ಇಂತಹ ಘಟನೆಗಳ ನಂತರ 1994ರಲ್ಲಿ ಅಲ್ಲಿ ಚಾಲಕರ ಮಾಹಿತಿಯನ್ನು ರಕ್ಷಿಸುವ ಕಾನೂನು ಬಂತು. ನಮ್ಮ ಮನೆಯ ಹೆಣ್ಮಕ್ಕಳು ಸ್ಕೂಟರಿನಲ್ಲಿ ಕಾಲೇಜಿಗೆ, ಕೆಲಸಕ್ಕೆ ಹೋಗುತ್ತಾರೆ. ಅವರ ಗಾಡಿಯ ಸಂಖ್ಯೆ ನೋಡಿದ ಪುಂಡನಿಗೆ ಅವರ ಹೆಸರು, ವಿಳಾಸ ತಿಳಿಯಬೇಕೇ? ಹಿಂದೆ ಗಾಡಿಯ ಸಂಖ್ಯೆ ಒತ್ತಿದರೆ ಒಡೆಯನ ಪೂರ್ಣ ಹೆಸರು ಮೊಬೈಲಿನಲ್ಲಿ ಕಾಣುತ್ತಿತ್ತು. ಅನಂತರವಷ್ಟೇ ಕೆಲವು ಅಕ್ಷರಗಳನ್ನು ಮರೆಮಾಡಲಾಯಿತು.

ಒಂದು ಉದ್ದೇಶಕ್ಕೆ ಕೊಟ್ಟದ್ದನ್ನು ಇನ್ನೊಂದಕ್ಕೆ ಬಳಸುವುದೂ ನಡೆಯುತ್ತದೆ. 2020ರ ಫೆಬ್ರವರಿಯಲ್ಲಿ ಈಶಾನ್ಯ ದೆಹಲಿಯಲ್ಲಿ ನಡೆದ ಹಿಂಸಾಚಾರದ ನಂತರ, ಮುಖ ಗುರುತಿಸುವ ಯಂತ್ರಕ್ಕೆ ಮತದಾರರ ಚೀಟಿ ಮತ್ತು ಡ್ರೈವಿಂಗ್ ಲೈಸೆನ್ಸಿನ ಮಾಹಿತಿಯನ್ನು ಉಣಿಸಲಾಗಿದೆಯೆಂದು ಗೃಹಸಚಿವ ಅಮಿತ್ ಶಾ ಅವರು ಅದೇ ಮಾರ್ಚ್‌ನಲ್ಲಿ ಲೋಕಸಭೆಯಲ್ಲಿ ತಿಳಿಸಿದರು. ಆ ಯಂತ್ರವು ಧರ್ಮವನ್ನಾಗಲಿ ಉಡುಪನ್ನಾಗಲಿ ನೋಡುವುದಿಲ್ಲವೆಂದೂ ಹೇಳಿದರು. ಕೊಂದವನು, ಬೆಂಕಿಯಿಟ್ಟವನು ಯಾವ ಧರ್ಮದವನಾದರೂ ಶಿಕ್ಷೆಗೊಳಗಾಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ವಾಹನ ಓಡಿಸಲೆಂದು ಲಕ್ಷಾಂತರ ನಿರಪರಾಧಿಗಳು ಕೊಟ್ಟ ಫೋಟೋಗಳನ್ನು ಅಪರಾಧಿಗಳ ಹುಡುಕಾಟದ ಸಾಲಿನಲ್ಲಿ ನಿಲ್ಲಿಸಲು ಯಾವ ಕಾನೂನಿನ ಬಲವಿದೆ, ಅದರ ಮಿತಿಯೇನು, ಯಂತ್ರ ತಪ್ಪಿ ಗುರುತಿಸಿದರೆ ಹೊಣೆ ಯಾರು ಎಂದು ಕೇಳುವ ಹಕ್ಕು ಪ್ರಜೆಗಿದೆ.

ಕೇಳಿದ ಒಬ್ಬ ಕನ್ನಡಿಗ

ಈ ಹಕ್ಕನ್ನು ಕೇಳಿದವರಲ್ಲಿ ಪ್ರಮುಖರು ನಮ್ಮ ರಾಜ್ಯದವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಅದರ ಫಲವಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವಾನುಮತದಿಂದ ತೀರ್ಪಿತ್ತಿತು. 2024ರ ಅಕ್ಟೋಬರ್‌ನಲ್ಲಿ ಅವರು ನಿಧನರಾದರು. ಆ ಇಳಿವಯಸ್ಸಿನಲ್ಲಿ ಮನೆಯಲ್ಲಿ ವಿಶ್ರಮಿಸುವ ಬದಲು ಇಡೀ ದೇಶದ ಪರವಾಗಿ ಪ್ರಶ್ನೆ ಕೇಳಿದರು. ನ್ಯಾಯಕ್ಕಾಗಿ ನಿಲ್ಲುವುದು ಯಾರೇ ಮಾಡಿದರೂ ಸತ್ಕಾರ್ಯವೇ. 'ನಮ್ಮಿಂದೇನಾದೀತು?' ಎಂದು ಕೈಕಟ್ಟಿ ಕೂರುವ ನಮಗೆ ಅದರಲ್ಲಿ ಪಾಠವಿದೆ.

2023ರಲ್ಲಿ ವೈಯಕ್ತಿಕ ಡಿಜಿಟಲ್ ಮಾಹಿತಿಯ ರಕ್ಷಣೆಗಾಗಿ ಸಂಸತ್ತು ಕಾಯಿದೆ ಮಾಡಿತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಹಂತ ಹಂತವಾಗಿ ಜಾರಿಗೆ ಬರುವಂತೆ ಅವನ್ನು ರೂಪಿಸಲಾಗಿದೆ. ಮಾಹಿತಿ ಕೊಟ್ಟವನ ಒಪ್ಪಿಗೆ, ತನ್ನ ಮಾಹಿತಿಯನ್ನು ತಿಳಿಯುವ ಮತ್ತು ತಿದ್ದಿಸುವ ಹಕ್ಕು, ತಪ್ಪಿದ ಸಂಸ್ಥೆಗಳಿಗೆ 250 ಕೋಟಿ ರೂಪಾಯಿಯವರೆಗೆ ದಂಡ, ಇವೆಲ್ಲಾ ಅದರಲ್ಲಿವೆ. ಆದರೆ ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಮುಂತಾದ ಕಾರಣಗಳಿಗಾಗಿ ಸರಕಾರವು ತನ್ನ ಸಂಸ್ಥೆಗಳಿಗೆ ವಿನಾಯಿತಿ ನೀಡಲು ಅವಕಾಶವನ್ನೂ ಇಟ್ಟುಕೊಂಡಿದೆ. ಆದುದರಿಂದ ಕಾಯಿದೆ ಬಂತೆಂದು ಮೈಮರೆಯುವಂತಿಲ್ಲ.

ನಮ್ಮ ಕೈಯಲ್ಲಿರುವ ಅಮಾನತ್

ಸಹೋದರರೇ, ಸಹೋದರಿಯರೇ, ಸರಕಾರವನ್ನು ಪ್ರಶ್ನಿಸುವಾಗ ನಮ್ಮ ಕೈಯನ್ನೂ ಒಮ್ಮೆ ನೋಡಿಕೊಳ್ಳಬೇಕಲ್ಲವೇ? ನಿಮ್ಮಲ್ಲಿ ಯಾರಾದರೂ ಜೆರಾಕ್ಸ್ ಅಂಗಡಿ ಇಟ್ಟಿರಬಹುದು. ಸಿಮ್ ಮಾರುತ್ತಿರಬಹುದು. ಡ್ರೈವಿಂಗ್ ಶಾಲೆ, ಟ್ರಾವೆಲ್ಸ್, ವೀಸಾ ಏಜೆನ್ಸಿ ನಡೆಸುತ್ತಿರಬಹುದು. ನಿಮ್ಮ ಮೇಜಿನ ಖಾನೆಯಲ್ಲಿ ಎಷ್ಟು ಮಂದಿಯ ಲೈಸೆನ್ಸ್, ಆಧಾರ್, ಪಾಸ್‌ಪೋರ್ಟಿನ ಪ್ರತಿಗಳಿವೆ? ಕೆಲಸ ಮುಗಿದ ಮೇಲೆ ಅವು ರದ್ದಿಯವನ ಚೀಲಕ್ಕೆ ಸೇರಿ ನೆಲಗಡಲೆಯ ಪೊಟ್ಟಣವಾಗುತ್ತಿಲ್ಲವೇ? ಯಾರದೋ ಹೆಣ್ಮಗಳ ಫೋಟೋ, ಫೋನ್ ನಂಬ್ರ ಅದರಲ್ಲಿರುತ್ತದೆ. ಹರಿದು ಹಾಕಲು, ಸುಟ್ಟುಬಿಡಲು ಎರಡು ನಿಮಿಷ ಸಾಕು. ಆ ಎರಡು ನಿಮಿಷಕ್ಕೂ ಪ್ರತಿಫಲವಿದೆ.

ಜಮಾಅತ್‌ನ ಪದಾಧಿಕಾರಿಗಳ ಬಳಿ ಮನೆ ಮನೆಯ ವಿವರಗಳಿರುತ್ತವೆ. ಝಕಾತ್ ಪಡೆಯುವವರ ಪಟ್ಟಿಯಿರುತ್ತದೆ. ಅದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹರಿದಾಡಿದರೆ ಬಡವನ ಮಾನ ಹೋಗುತ್ತದೆ. ವಧುವಿನ ಮಾಹಿತಿ ಪತ್ರವನ್ನು ಒಂದು ಮನೆಯವರು ನಂಬಿ ಕಳಿಸಿದರೆ ಅದನ್ನು ಹತ್ತು ಮಂದಿಗೆ ದಾಟಿಸುವ ಅಧಿಕಾರ ನಿಮಗಿಲ್ಲ. ಸರಕಾರ ಮೂರು ಕೋಟಿಗೆ ಮಾರಿತೆಂದು ಆಕ್ಷೇಪಿಸುವ ನಾವು ಪುಕ್ಕಟೆಯಾಗಿ ಹಂಚುವುದು ಯಾವ ನ್ಯಾಯ?

ಮಕ್ಕದ ಜನರು ಪ್ರವಾದಿವರ್ಯರನ್ನು(ಸ) ನಿರಾಕರಿಸಿದರು, ಹಿಂಸಿಸಿದರು, ಕೊಲ್ಲಲು ಸಂಚು ಹೂಡಿದರು. ಆದರೂ ತಮ್ಮ ಬೆಲೆಬಾಳುವ ವಸ್ತುಗಳನ್ನು ಇಡುತ್ತಿದ್ದುದು ಅವರ ಬಳಿಯಲ್ಲೇ. ಹಿಜ್ರತ್‌ನ ಸಂದರ್ಭದಲ್ಲಿ ಆ ವಸ್ತುಗಳನ್ನು ಒಡೆಯರಿಗೆ ಮರಳಿಸಲಿಕ್ಕಾಗಿಯೇ ಹಝ್ರತ್ ಅಲೀ(ರ)ರನ್ನು ಅವರು ಮಕ್ಕದಲ್ಲಿ ಬಿಟ್ಟು ಹೊರಟರು. ಕೊಲ್ಲಲು ಬಂದವರ ಅಮಾನತ್ತನ್ನೂ ಮರಳಿಸಿದ ಪ್ರವಾದಿಯ ಅನುಯಾಯಿಗಳು ನಾವು. ನಮ್ಮ ಅಂಗಡಿಗೆ ಬರುವ ಹಿಂದೂ ಸಹೋದರನೂ ಕ್ರೈಸ್ತ ಸಹೋದರನೂ 'ಇವರ ಬಳಿ ನನ್ನ ದಾಖಲೆ ಸುರಕ್ಷಿತ' ಎಂದು ಹೇಳುವಂತಾಗಬೇಕು.

ಸ್ವಂತ ಮಾಹಿತಿಯ ಬಗ್ಗೆಯೂ ಎಚ್ಚರವಿರಲಿ. ದಂಡ ಕಟ್ಟಬೇಕೆಂದು ಸಾರಿಗೆ ಇಲಾಖೆಯ ಅಥವಾ ಕರ್ನಾಟಕ ಪೊಲೀಸರ ಹೆಸರಿನಲ್ಲಿ ವಾಟ್ಸ್‌ಆ್ಯಪ್ ಸಂದೇಶ ಕಳಿಸಿ, ಅದರೊಂದಿಗೆ ಬಂದ ಆ್ಯಪನ್ನು ಹಾಕಿಸಿ ಹಣ ದೋಚುವ ಜಾಲವೊಂದನ್ನು ಬೆಂಗಳೂರಿನ ಕ್ಲೌಡ್‌ಸೆಕ್ ಸಂಸ್ಥೆಯು 2024ರ ಜುಲೈಯಲ್ಲಿ ಬಯಲಿಗೆಳೆಯಿತು. 4,400ಕ್ಕೂ ಹೆಚ್ಚು ಮೊಬೈಲುಗಳು ಅದಕ್ಕೆ ಬಲಿಯಾಗಿದ್ದವು. ವಾಟ್ಸ್‌ಆ್ಯಪಿನಲ್ಲಿ ಬಂದ ಯಾವ ಆ್ಯಪನ್ನೂ ಹಾಕಿಕೊಳ್ಳಬೇಡಿರಿ. ಮೋಸ ಹೋದರೆ ನಾಚಿಕೆಯಿಂದ ಮುಚ್ಚಿಡದೆ ತಕ್ಷಣ 1930ಕ್ಕೆ ಕರೆಮಾಡಿರಿ. ಕೇಳಿದವರಿಗೆಲ್ಲಾ ಲೈಸೆನ್ಸಿನ ಪ್ರತಿ ಕೊಡಬೇಡಿರಿ. ಕೊಡಲೇಬೇಕಾದಾಗ ಯಾವ ಉದ್ದೇಶಕ್ಕೆಂದು ಅದರ ಮೇಲೆಯೇ ಬರೆದು ಸಹಿ ಹಾಕಿರಿ.

ಆದರೆ ಇದನ್ನೇ ನೆಪ ಮಾಡಿ ಸುಳ್ಳು ವಿಳಾಸ ಕೊಡುವುದು, ವಯಸ್ಸು ತಿದ್ದುವುದು, ಲೈಸೆನ್ಸ್ ಇಲ್ಲದ ಮಗನ ಕೈಗೆ ಬೈಕಿನ ಬೀಗದ ಕೈ ಕೊಡುವುದು ಸಲ್ಲದು. ಕರಾರುಗಳನ್ನು ನೆರವೇರಿಸಬೇಕೆಂಬುದು ಸೂರಃ ಅಲ್‌ಮಾಇದಃದ ಪ್ರಥಮ ಸೂಕ್ತಿಯ ಆಜ್ಞೆ. ಸತ್ಯವನ್ನೇ ಕೊಡುವುದು ನಮ್ಮ ಹೊಣೆ, ಕೊಟ್ಟದ್ದನ್ನು ಕಾಯುವುದು ಪಡೆದವರ ಹೊಣೆ. ಅವರು ತಪ್ಪಿದರೆ ಮಾಹಿತಿ ಹಕ್ಕಿನ ಅರ್ಜಿಯಿಂದ, ಜನಪ್ರತಿನಿಧಿಗಳ ಮೂಲಕ, ನ್ಯಾಯಾಲಯದ ಮೂಲಕ ಪ್ರಶ್ನಿಸುವುದೂ ನಮ್ಮ ಹೊಣೆಯೇ.

ನಿಮ್ಮಲ್ಲಿ ಸರಕಾರಿ ಕಚೇರಿಯಲ್ಲಿ, ಬ್ಯಾಂಕಿನಲ್ಲಿ, ಗಣಕ ಕಂಪೆನಿಗಳಲ್ಲಿ ಕೆಲಸ ಮಾಡುವ ಯುವಕ ಯುವತಿಯರಿರಬಹುದು. ಒಂದು ಗುಂಡಿ ಒತ್ತಿದರೆ ಸಾವಿರಾರು ಮಂದಿಯ ವಿವರಗಳು ನಿಮ್ಮ ಮುಂದೆ ತೆರೆದುಕೊಳ್ಳುತ್ತವೆ. ಪರಿಚಯದವರೊಬ್ಬರು 'ಈ ನಂಬ್ರದ ಗಾಡಿ ಯಾರದ್ದೆಂದು ಸ್ವಲ್ಪ ನೋಡಿ ಹೇಳು' ಎಂದು ಕೇಳಬಹುದು. ಆಗ ಹುದೈಫ(ರ)ರನ್ನು ನೆನಪಿಸಿಕೊಳ್ಳಿರಿ. ಅವರು ಖಲೀಫರ ಕಾಲದಲ್ಲೇ ತಮ್ಮ ಬಳಿಯಿದ್ದ ಹೆಸರುಗಳನ್ನು ಹೊರಹಾಕಲಿಲ್ಲ. ನಿಮ್ಮನ್ನು ಕೇಳುವವನು ಕೇವಲ ಒಬ್ಬ ಗೆಳೆಯ.

ನಮ್ಮೆಲ್ಲರ ಪೂರ್ಣ ದಾಖಲೆಯೊಂದಿದೆ. ಅದರಲ್ಲಿ ಒಂದಕ್ಷರವೂ ಬಿಟ್ಟುಹೋಗಿಲ್ಲ. ಆ ದಾಖಲೆಯ ಒಡೆಯನು ಅದನ್ನು ಏನು ಮಾಡುವನೆಂದು ಬುಖಾರಿ ಮತ್ತು ಮುಸ್ಲಿಮ್ ವರದಿ ಮಾಡಿದ ಒಂದು ಹದೀಸ್‌ನಲ್ಲಿದೆ. ಅಂತ್ಯದಿನ ಅಲ್ಲಾಹನು ಸತ್ಯವಿಶ್ವಾಸಿಯನ್ನು ಹತ್ತಿರಕ್ಕೆ ಕರೆದು, ಇತರರಿಂದ ಮರೆಮಾಡಿ, ಅವನ ಪಾಪಗಳನ್ನು ಅವನಿಗೆ ಮಾತ್ರ ನೆನಪಿಸುವನು. ಇಹಲೋಕದಲ್ಲಿ ಮುಚ್ಚಿಟ್ಟಿದ್ದೆನೆಂದೂ ಇಂದು ಕ್ಷಮಿಸುವೆನೆಂದೂ ತಿಳಿಸುವನು. ಎಲ್ಲವನ್ನೂ ಬಲ್ಲ ಪ್ರಭುವೇ ತನ್ನ ದಾಸನ ದಾಖಲೆಯನ್ನು ಅಷ್ಟು ಜೋಪಾನವಾಗಿ ಮುಚ್ಚುವಾಗ, ಅಲ್ಪವನ್ನು ಬಲ್ಲ ನಾವು ಪರರ ಹಾಳೆಯನ್ನು ಬೀದಿಗೆ ಹಾಕುವುದು ತರವೇ?

ಅಲ್ಲಾಹನು ನಮ್ಮ ಕೈಗೆ ಬಂದ ಅಮಾನತ್ತುಗಳನ್ನು ಕಾಪಾಡುವ ಶಕ್ತಿಯನ್ನೂ, ನಮ್ಮನ್ನಾಳುವವರಿಗೆ ಕಾಪಾಡುವ ಬುದ್ಧಿಯನ್ನೂ, ತಪ್ಪಿದಲ್ಲಿ ಸೌಜನ್ಯದಿಂದ ಪ್ರಶ್ನಿಸುವ ಧೈರ್ಯವನ್ನೂ ನಮಗೆ ಕರುಣಿಸಲಿ. ಆಮೀನ್.